ಖಾನಾಪುರದ ಹಡಗು

ಖಾನಾಪುರದಲ್ಲಿ ಹೊಳೆ ಇದೆ, ಹಡಗಿಲ್ಲ. ಆದರೂ ಆ ಊರಲ್ಲಿ ಒಂದು ಕಾಲಕ್ಕೆ, ಮದುವೆಯಾದ ಹುಡುಗಿಯನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ ಯಾರಾದರೊಬ್ಬರು ಬ್ಯಾಂಡಿನವರ ಹತ್ತಿರ ಬಂದು "ಮಾಸ್ತರ, ಹಡಗು ಬಾರಸ್ರಿ" ಎನ್ನುತ್ತಿದ್ದರು. ಮರಾಠಿ ಮನೆಯವರಾದರೆ "ಜಹಾಜ ವಾಜವಾ" ಎನ್ನುತ್ತಿದ್ದರು. ಗುರುಸಿದ್ದ ಕ್ಲಾರಿನೆಟ್ಟನ್ನು ಒಮ್ಮೆ ಅಂಗಿಗೆ ಒರೆಸಿಕೊಂಡು, ಬಾಯಿಗಿಟ್ಟು, ಕಣ್ಣು ಮುಚ್ಚುತ್ತಿದ್ದ. ಭರಮಪ್ಪ ದೊಡ್ಡ ಡೋಲಿನ ಮೇಲೆ ಮೆತ್ತಗೆ ಕೋಲು ಆಡಿಸುತ್ತಿದ್ದ. ರಾಗ ತಗ್ಗಿನಲ್ಲಿ ಹುಟ್ಟಿ, ತಡವರಿಸಿ, ಕೊನೆಗೆ ಮೆಟ್ಟಿಲು ಹತ್ತಿದಂತೆ ಏರಿ ಏರಿ ತುದಿಯಲ್ಲಿ ನಿಲ್ಲುತ್ತಿತ್ತು. ಅಳುತ್ತಿದ್ದ ಹುಡುಗಿ ಆ ಏರಿಕೆಗೆ ತಲೆ ಎತ್ತಿ ಗಾಡಿ ಹತ್ತುತ್ತಿದ್ದಳು.

ಅದು ಯಾವ ಹಾಡೆಂದು ಊರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಗುರುಸಿದ್ದನಿಗೆ ಮತ್ತು ಅವನ ಹೆಂಡತಿ ಪ್ರಮಿಳಾಗೆ. ಅವರಿಗೂ ಅರ್ಧವಷ್ಟೇ.

ಗುರುಸಿದ್ದ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕೆಲಸಕ್ಕಿದ್ದ. ಎರಕದಿಂದ ಹೊರಬಂದ ಕಬ್ಬಿಣದ ತುಂಡುಗಳ ಒರಟು ಅಂಚನ್ನು ಗ್ರೈಂಡರಿಗೆ ಹಿಡಿದು ಸವೆಸುವುದು ಅವನ ಪಾಲಿನ ಕೆಲಸ. ಕ್ಲಾರಿನೆಟ್ ಕಲಿತದ್ದು ಅಲ್ಲಿನ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ, ಮಿಲಿಟರಿ ಬ್ಯಾಂಡಿನಿಂದ ನಿವೃತ್ತನಾದ ಒಬ್ಬ ಮುದುಕನ ಹತ್ತಿರ. ಕ್ಯಾಂಪಿನಲ್ಲೇ ಇಂಗ್ಲಿಷ್ ಪಿಕ್ಚರ್ ತೋರಿಸುವ ಥಿಯೇಟರೂ ಇತ್ತು. ಹೊಸ ಪಿಕ್ಚರುಗಳ ನಡುವೆ ಹಳೆಯ ಪ್ರೇಮಕಥೆಗಳ ಸವೆದ ಪ್ರಿಂಟುಗಳು ಅಲ್ಲಿಗೆ ತಿರುಗಿ ತಿರುಗಿ ಬರುತ್ತಿದ್ದವು. ಫೌಂಡ್ರಿಗೆ ಸೂಟಿ ಇದ್ದ ದಿನ ಪ್ರಮಿಳಾಳೂ ಅವನ ಜೊತೆ ಖಾನಾಪುರದಿಂದ ರೈಲಿನಲ್ಲಿ ಬರುತ್ತಿದ್ದಳು. ಇಬ್ಬರೂ ಪೊಟ್ಟಣ ತುಂಬ ಶೇಂಗಾ ಕಟ್ಟಿಸಿಕೊಂಡು ಮ್ಯಾಟಿನಿಗೆ ಕೂರುತ್ತಿದ್ದರು.

ಇಬ್ಬರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಅದರ ಕೊರತೆಯೂ ಅವರಿಗೆ ಕಾಣಲಿಲ್ಲ. ಅವನು ಹೆಚ್ಚು ಹೊತ್ತು ಕಣ್ಣು ಮುಚ್ಚಿಯೇ ಇರುತ್ತಿದ್ದ. ಒಂದು ಪರದೆಯ ಹಿಂದೆ ಅಷ್ಟೊಂದು ಪಿಟೀಲುಗಳು ಒಟ್ಟಿಗೆ ಉಸಿರಾಡುವುದನ್ನು ಅವನು ಬೇರೆಲ್ಲೂ ಕೇಳಿರಲಿಲ್ಲ. ದಿನವಿಡೀ ಗ್ರೈಂಡರಿನ ಕಿರುಚಾಟ ತುಂಬಿಕೊಂಡ ಕಿವಿಯನ್ನು ಆ ವಾದ್ಯಗಳು ತೊಳೆದು ಕೊಡುತ್ತಿದ್ದವು. ಪ್ರಮಿಳಾ ಮಾತ್ರ ರೆಪ್ಪೆ ಬಡಿಯದೆ ಮುಖಗಳನ್ನು ನೋಡುತ್ತಿದ್ದಳು. ಮರಳುವಾಗ ರೈಲಿನಲ್ಲಿ ಇಬ್ಬರೂ ತಂತಮ್ಮ ಪಾಲನ್ನು ಕೂಡಿಸುತ್ತಿದ್ದರು.

"ತಗ್ಗಿನ್ಯಾಗ ಒಂದ ಪಿಟೀಲ ಅತ್ತಂಗ ಆತಲ್ಲ, ಆವಾಗ ಏನ ಆಗಿತ್ತು?"

"ಆವಾಗ ಆಕಿ ಕನ್ನಡಿ ಮುಂದ ಕುಂತಿದ್ಲ್ರಿ. ಕಿವಿಯೋಲಿ ಒಂದ ಹಾಕ್ಕೊಂಡು, ಇನ್ನೊಂದ ಹಾಕ್ಕೊಳ್ಳಾಕ ಮರತ್ಲು."

ಆ ಪಿಕ್ಚರಿನ ಹೆಸರು ಅವರ ನಾಲಿಗೆಗೆ ಹತ್ತಲಿಲ್ಲ. ಅವರಿಗದು ಹಡಗಿನ ಪಿಕ್ಚರ್. ನಾಯಕ ದೂರ ದೇಶಕ್ಕೆ ಹೊರಟಿದ್ದಾನೆ, ಬಂದರಿನಲ್ಲಿ ಹಡಗು ನಿಂತಿದೆ. ನಾಯಕಿ ಜನರ ನಡುವೆ ಬಂದು ನಿಲ್ಲುತ್ತಾಳೆ, ಅವನು ಹಡಗಿನ ಮೇಲಿನಿಂದ ಒಂದೇ ಹುಬ್ಬು ಏರಿಸಿ ನಗುತ್ತಾನೆ. ಹಡಗು ಕೂಗುತ್ತದೆ, ಪಿಟೀಲುಗಳು ಏಳತೊಡಗುತ್ತವೆ. ಸರಿಯಾಗಿ ಆ ಹೊತ್ತಿಗೆ ಪ್ರಮಿಳಾ ಕೈಚೀಲ ಎತ್ತಿಕೊಂಡು "ಏಳ್ರಿ, ಗಾಡಿ ಹೊಕ್ಕೈತಿ" ಎನ್ನುತ್ತಿದ್ದಳು. ಲೋಂಡಾ ಕಡೆಯ ಪ್ಯಾಸೆಂಜರ್ ತಪ್ಪಿದರೆ ಅಂದು ಮನೆ ಸೇರುವ ಹಾಗಿರಲಿಲ್ಲ. ಪಿಕ್ಚರ್ ಎಷ್ಟು ಸಲ ಬಂದರೂ ಅವರು ಏಳುತ್ತಿದ್ದದ್ದು ಅದೇ ಜಾಗದಲ್ಲಿ.

"ಅಂವ ಹೋಗೂದಿಲ್ಲ, ಇಳೀತಾನ" ಎಂದಳು ಪ್ರಮಿಳಾ, ಮೊದಲ ಸಲವೇ.

"ನಿನಗ ಹೆಂಗ ಗೊತ್ತು?"

"ಟೊಪ್ಪಿಗಿ ಕೈಯಾಗ ಹಿಡದಿದ್ದ. ಹೋಗಾಂವ ಇದ್ರ ತಲಿಮ್ಯಾಗ ಇಟಗೋತಿದ್ದ."

ಗುರುಸಿದ್ದ ಅವಳ ಮಾತನ್ನು ನಂಬಿ, ಕೇಳದೆ ಉಳಿದ ಭಾಗವನ್ನು ತಾನೇ ಕಟ್ಟಿದ. ಇಳಿದು ಬರುವವನಿಗೆ ತಕ್ಕಂತೆ ರಾಗ ಏರಿತು. ಒಮ್ಮೆ ಕೊನೆಯವರೆಗೆ ನೋಡಲೆಂದು ಭರಮಪ್ಪನ ತಂಗಿಯ ಬೆಳಗಾವಿಯ ಮನೆಯಲ್ಲಿ ಉಳಿಯುವ ಏರ್ಪಾಡು ಮಾಡಿಕೊಂಡೇ ಹೋಗಿದ್ದರು. ಥಿಯೇಟರಿನವರು ಅಂದೇ ಕತ್ತಿವರಸೆಯ ಪಿಕ್ಚರ್ ಹಾಕಿದ್ದರು. ಕೆಲವು ವರ್ಷಗಳಲ್ಲಿ ಥಿಯೇಟರೇ ಮುಚ್ಚಿತು. ಮದುವೆಗಳಿಗೆ ಡಿಜೆ ಬಂದು ಬ್ಯಾಂಡೂ ಚದುರಿತು.

ಈಗ ಗುರುಸಿದ್ದನ ಮಗಳು ನೀಲಾ ಬೆಳಗಾವಿಯಲ್ಲಿರುತ್ತಾಳೆ. ಹೋದ ವರ್ಷ ಅವಳೇ ಅವನನ್ನು ಕಿವಿಯ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಕಾಗದದ ಮೇಲೆ ಒಂದು ಗೆರೆ ತೋರಿಸಿದರು. ಅದು ಎಡದಲ್ಲಿ ಮಟ್ಟಸವಾಗಿದ್ದು ಬಲಕ್ಕೆ ಹೋದಂತೆ ಕಡಿದಾಗಿ ಇಳಿದಿತ್ತು. ಸದ್ದಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಎತ್ತರದ ಸ್ವರಗಳು ಮೊದಲು ಹೋಗುತ್ತವೆ, ತಗ್ಗಿನವು ಕೊನೆಗೆ, ಎಂದರು. ಯಂತ್ರ ಹಾಕಿದರೆ ಮಾತು ತಿಳಿಯುತ್ತದೆ, ಹೋದದ್ದು ಬರುವುದಿಲ್ಲ, ಇನ್ನೂ ಹೋಗುತ್ತದೆ.

ಜೊತೆಗೆ ಬಂದಿದ್ದ ಪ್ರಮಿಳಾಳೊಂದಿಗೆ ಗುರುಸಿದ್ದ ಬಸ್ಸಿನಲ್ಲಿ ಖಾನಾಪುರಕ್ಕೆ ಮರಳಿದ. ಇಳಿಯುವಾಗ ಪ್ರಮಿಳಾಗೆ ಹೇಳಿದ: "ಆ ಪಿಟೀಲ ಕಡೀಕ ಏನ ಮಾಡಿದ್ವು, ಅಷ್ಟ ಕೇಳಬೇಕಾಗಿತ್ತ ನೋಡು. ಪೂರಾ ಕಿವುಡ ಆಗೂದ್ರಾಗ."

ನೀಲಾಳ ಮಗಳು ಸಮೃದ್ಧಿಗೆ ಮದುವೆ ಗೊತ್ತಾಗಿತ್ತು. "ಡಿಜೆ ಇರ್ಲಿ, ನನ್ನ ಕಳಸೂ ಮುಂದ ಹಡಗು ನೀನ ಬಾರಸಬೇಕು, ಅಜ್ಜಾ" ಎಂದು ಅವಳು ಮೊದಲೇ ಮಾತು ತೆಗೆದುಕೊಂಡಿದ್ದಳು. ಅಜ್ಜನ ಆಸೆ ಕೇಳಿದ ಮೇಲೆ ಪಿಕ್ಚರನ್ನು ಹುಡುಕಿ ಕೊಡುವ ಹೊಣೆಯನ್ನೂ ಹೊತ್ತಳು. ಹಾಡು ಕೇಳಿ ಹೆಸರು ಹೇಳುವ ವ್ಯವಸ್ಥೆ ಅವಳ ಫೋನಿನಲ್ಲಿತ್ತು. ಗುರುಸಿದ್ದ ಪೂರಾ ರಾಗ ನುಡಿಸಿದ. ಫೋನು ಗೊತ್ತಾಗಲಿಲ್ಲ ಎಂದಿತು. ಇನ್ನೊಮ್ಮೆ ನುಡಿಸಿದ, ಆಗಲೂ ಅದೇ ಉತ್ತರ.

ಬಾಜು ಕುಳಿತಿದ್ದ ಭರಮಪ್ಪ ಎಲೆ ಅಡಿಕೆ ಜಗಿಯುತ್ತ, "ಆ ಫೋನಿಗೆ ಇನ್ನೂ ಮದವಿ ಆಗಿಲ್ಲವ್ವಾ, ಅದಕ್ಕೇನ ತಿಳೀತೈತಿ" ಎಂದ.

ಕೊನೆಗೆ ಹುಡುಕಿಕೊಟ್ಟವಳು ಪ್ರಮಿಳಾ. ಸಮೃದ್ಧಿ ಹಳೆಯ ನಟರ ಫೋಟೋಗಳನ್ನು ಒಂದೊಂದಾಗಿ ತೋರಿಸಿದಳು. ಪ್ರಮಿಳಾ ಅಕ್ಕಿ ಆರಿಸುವಂತೆ ಆರಿಸಿದಳು. "ಇಂವಲ್ಲ, ಇಂವಗ ಸಿಟ್ಟ ಭಾಳ. ಇಂವ ಅಲ್ಲೇ ಅಲ್ಲ, ನಕ್ರೂ ಕಣ್ಣ ನಗೂದಿಲ್ಲ ಇವನ್ದು." ಹೀಗೆ ಸಾಗಿ ಒಂದು ಕಡೆ ಸೆರಗು ಸರಿಮಾಡಿಕೊಂಡಳು. "ಇಂವ."

"ಅವ್ವಾ, ಸೆರಗ ಯಾಕ ಎಳಕೊಂಡಿ?" ಎಂದು ನೀಲಾ ಛೇಡಿಸಿದಳು.

"ಭಾಳ ದಿನಕ್ಕ ಸಿಕ್ಕಾನ, ಮರ್ಯಾದಿ ಬ್ಯಾಡೇನ?"

ಆ ನಟನ ಪಿಕ್ಚರುಗಳಲ್ಲಿ ಹಡಗಿನದನ್ನು ಸಮೃದ್ಧಿ ಹುಡುಕಿ ತೆಗೆದಳು. ಒಂದು ಮಧ್ಯಾಹ್ನ ಕಿಟಕಿಗೆ ಚಾದರ ಕಟ್ಟಿ, ಟಿವಿಗೆ ದೊಡ್ಡ ಸ್ಪೀಕರ್ ಜೋಡಿಸಿ ಎಲ್ಲರೂ ಕುಳಿತರು. ಗುರುಸಿದ್ದ ಎಂದಿನಂತೆ ಕಣ್ಣು ಮುಚ್ಚಿದ, ಸ್ವಲ್ಪ ಹೊತ್ತಿಗೆ ತೆರೆದ. ಅವನ ನೆನಪಿನಲ್ಲಿದ್ದ ಪಿಟೀಲುಗಳು ಸ್ಪೀಕರಿನಲ್ಲಿ ಇಲ್ಲವೆನಿಸಿತು. ಅವು ಅಲ್ಲೇ ಇದ್ದವು, ಅವನವರೆಗೆ ಬರುತ್ತಿರಲಿಲ್ಲ. ಆಮೇಲೆ ಅವನೂ ಪ್ರಮಿಳಾಳಂತೆ ಮುಖಗಳನ್ನೇ ನೋಡಿದ. ಕಿವಿಯೋಲೆ ಮರೆತ ಹುಡುಗಿಯನ್ನು ಅವನು ಕಣ್ಣಾರೆ ಕಂಡದ್ದು ಅಂದೇ.

ಬಂದರು ಬಂತು. ಹಡಗು ಕೂಗಿತು. ಪ್ರಮಿಳಾ ಎದ್ದು ನಿಂತು ಸುತ್ತ ತಡಕಾಡಿದಳು. ಚೀಲ ಅಲ್ಲೆಲ್ಲಿದ್ದೀತು!

"ಕುಂದರ" ಎಂದು ಗುರುಸಿದ್ದ ಅವಳ ಕೈ ಹಿಡಿದು ಜಗ್ಗಿದ. "ಹೋಗ್ಲಿ ಗಾಡಿ."

ನಾಯಕ ಇಳಿಯಲಿಲ್ಲ. ಹಡಗು ದಡ ಬಿಟ್ಟಿತು. ನಾಯಕಿ ಖಾಲಿಯಾದ ಬಂದರಿನಲ್ಲಿ ಬಂದ ದಾರಿ ಹಿಡಿದು ನಡೆದಳು. ಪಿಟೀಲುಗಳು ಸುಮ್ಮನಾದುದು ಸಮೃದ್ಧಿಗೆ ತಿಳಿಯಿತು, ಗುರುಸಿದ್ದನಿಗಲ್ಲ. ಆ ಮೌನದಲ್ಲಿ ಒಂದೇ ಒಂದು ಕ್ಲಾರಿನೆಟ್, ತನ್ನ ಅತಿ ತಗ್ಗಿನ ದನಿಯಲ್ಲಿ, ನಾಲ್ಕು ಸ್ವರ ಇಳಿದು ನಿಂತಿತು. ಅದು ಅವನಿಗೆ ಕೇಳಿಸಿತು. ಮೊದಲಿನಿಂದ ಕೊನೆಯವರೆಗೆ ಸ್ಪಷ್ಟವಾಗಿ ಕೇಳಿಸಿತು.

ಭರಮಪ್ಪನೇ ಮೊದಲು ಬಾಯಿ ಬಿಟ್ಟ. "ಏ ಮಾಸ್ತರ, ಹಂಗಾದ್ರ ಇಷ್ಟೂ ಮದವ್ಯಾಗ ನಾವು ತಪ್ಪ ಬಾರಿಸಿದಂಗ ಆತಲ್ಲೋ!"

ಗುರುಸಿದ್ದ ಕ್ಲಾರಿನೆಟ್ಟನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದ. ಮದುವೆಗೆ ಬೇರೇನಾದರೂ ನುಡಿಸುತ್ತೇನೆಂದು ಸಮೃದ್ಧಿಗೆ ಹೇಳಿದ. ಅಗಲಿ ಹೋಗುವವರ ರಾಗಕ್ಕೆ ತಾನು ಸುಳ್ಳು ಬಾಲ ಅಂಟಿಸಿ, ನಂದಗಡದಿಂದ ಕಣಕುಂಬಿಯವರೆಗೆ ಹುಡುಗಿಯರನ್ನು ಕಳಿಸಿದೆ ಎಂಬುದು ಅವನಿಗೆ ಊಟದಲ್ಲೂ ಅಡ್ಡ ಬರುತ್ತಿತ್ತು. ಮೊಮ್ಮಗಳಿಗೆ ಆ ಸುಳ್ಳು ನುಡಿಸಲಾರ. ಖರೇ ಇರುವುದನ್ನು ನುಡಿಸಿ ಅವಳನ್ನು ಅಳಿಸಲೂ ಆರ.

ಒಂದು ಬೆಳಿಗ್ಗೆ ಪ್ರಮಿಳಾ ಚಹಾ ಕೊಡುತ್ತ ಪಕ್ಕದಲ್ಲಿ ಕುಳಿತಳು.

"ಟೊಪ್ಪಿಗಿ ನೋಡಿದ್ರೇನ?"

"ಯಾವ ಟೊಪ್ಪಿಗಿ?"

"ಹಡಗ ಬಿಟ್ಟ ಮ್ಯಾಲೂ ಅಂವ ಅದನ್ನ ತಲಿಮ್ಯಾಗ ಇಡಲಿಲ್ಲ. ನಾ ಮತ್ತೊಮ್ಮಿ ಹಾಕಿಸಿ ನೋಡೀನಿ. ಹೋದ ಖರೇ, ಮನಸ ಇದ್ದ ಹೋಗಲಿಲ್ಲ. ನೀವು ಬಾರಿಸಿದ್ದು ಆ ಮನಸನ್ನ."

ಗುರುಸಿದ್ದ ಚಹಾದ ಬಟ್ಟಲು ಕೆಳಗಿಟ್ಟು ಕ್ಲಾರಿನೆಟ್ಟಿನ ಪೆಟ್ಟಿಗೆ ತೆಗೆದ.

ಮದುವೆಯ ದಿನ ಸಂಜೆ ಡಿಜೆಯವರು ಪೆಟ್ಟಿಗೆ ಕಟ್ಟಿಕೊಂಡಿದ್ದರು. ಕಾರಿನ ಬಾಗಿಲು ತೆರೆದಿತ್ತು. ಭರಮಪ್ಪ ಡೋಲು ತಂದಿದ್ದ. ಗುರುಸಿದ್ದ ಮಾತಿಗಷ್ಟೇ ಆಗುವ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿದ. ರಾಗ ತಗ್ಗಿನಲ್ಲಿ ಹುಟ್ಟಿ, ತಡವರಿಸಿ ಬಂದರಿನ ತನಕ ಬಂತು. ಅಲ್ಲಿ ಅವನು ಏರಲಿಲ್ಲ. ಪಿಕ್ಚರಿನಲ್ಲಿ ಕೇಳಿದ ಹಾಗೆಯೇ ನಾಲ್ಕು ಸ್ವರ ಇಳಿದು ನಿಂತ. ಭರಮಪ್ಪನ ಕೋಲು ಗಾಳಿಯಲ್ಲಿ ತಡೆದು ನಿಂತಿತು. ಸಮೃದ್ಧಿ ತಾಯಿಯ ಹೆಗಲಿಗೆ ಮುಖ ಒತ್ತಿದಳು.

ಗುರುಸಿದ್ದ ಉಸಿರು ಎಳೆದುಕೊಂಡು ಏರತೊಡಗಿದ. ಅರ್ಧ ದಾರಿಯವರೆಗೆ ತನ್ನ ದನಿ ಅವನಿಗೆ ಕೇಳಿಸಿತು. ಆಮೇಲೆ ಬರೀ ಬೆರಳಿನ ನೆನಪು, ಹಲ್ಲಿಗೆ ತಾಗುವ ಸಣ್ಣ ನಡುಕ. ತುದಿಯ ಸ್ವರ ನೆಟ್ಟಗಿದೆಯೋ ಸೀಳಿದೆಯೋ ತಿಳಿಯದೆ ಅವನು ಜನರ ನಡುವೆ ಪ್ರಮಿಳಾಳನ್ನು ಹುಡುಕಿದ. ಸಮೃದ್ಧಿ ತಲೆ ಎತ್ತಿ ಕಾರಿನತ್ತ ನಡೆಯುತ್ತಿದ್ದಳು. ಅವಳ ಹಿಂದೆ ನಿಂತಿದ್ದ ಪ್ರಮಿಳಾ ಅವನನ್ನೇ ನೋಡಿ, ಆ ನಟನಂತೆ, ಒಂದೇ ಹುಬ್ಬು ಏರಿಸಿ ನಕ್ಕಳು.