ಹಪ್ಪಳದ ಬುಟ್ಟಿಗೆ ಕಣ್ಣು ಕೊರೆದದ್ದು

ಭಾನುವಾರ ಮಧ್ಯಾಹ್ನ ನನ್ನ ಮುಖವಾಡದ ಮೂಗು ಒಳಕ್ಕೆ ಕುಸಿಯಿತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅದನ್ನು ಹಿಡಿದುಕೊಂಡು ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಖಾಸಗಿ ಶಾಲೆಯ ಹೆಡ್‌ಮಿಸ್ ಮುಂದೆ ನಿಲ್ಲಬೇಕಿತ್ತು. ಕ್ರಾಫ್ಟ್ ಟೀಚರ್ ಕೆಲಸ. ಅದಕ್ಕೂ ಮೊದಲು ನಾಲ್ಕು ಶಾಲೆಗಳವರು ‘ತಿಳಿಸ್ತೀವಿ’ ಎಂದು ಕಳಿಸಿದ್ದರು. ಯಾರೂ ತಿಳಿಸಿರಲಿಲ್ಲ. ಇದೂ ತಪ್ಪಿದರೆ ಅಮ್ಮನ ಜೊತೆ ಭದ್ರಾವತಿಯ ನ್ಯೂ ಟೌನ್ ಮನೆಗಳಿಗೆ ಅಡುಗೆಗೆ ಹೋಗುವುದೆಂದು ಮಾತಾಗಿತ್ತು. ಅಡುಗೆ ಕೀಳಲ್ಲ. ಆದರೆ ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಬಿ.ಎ., ಬಿ.ಇಡಿ. ಎರಡನ್ನೂ ಬಸ್ಸಿನಲ್ಲಿ ನಿಂತುಕೊಂಡೇ ಓದಿದವಳು. ಅದನ್ನು ಇವತ್ತಿಗೂ ತಲೆಯೆತ್ತಿ ಹೇಳುತ್ತೇನೆ.

ಆ ಶಾಲೆಯ ಮೊದಲ ಸಂದರ್ಶನದಲ್ಲಿ “ಕ್ರಾಫ್ಟ್ ಬರುತ್ತಾ?” ಎಂದಾಗ “ಬರುತ್ತೆ ಮೇಡಂ” ಅಂದುಬಿಟ್ಟಿದ್ದೆ. ಬರುತ್ತಿರಲಿಲ್ಲ. ಶಾಲೆಯ ಪ್ರದರ್ಶನಕ್ಕೆ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ನಾಡಿನ ಕೈಕೆಲಸ ಬರೆದ ಚೀಟಿ ಕೊಟ್ಟು, ಸೋಮವಾರ ಮಾಡಿ ತರಲು ಹೇಳಿದರು. ನನ್ನದರಲ್ಲಿ ‘ಕೆರಿಬಿಯನ್ ಬುಡಕಟ್ಟು, ಕಾಗದದ ಮುಖವಾಡ’ ಎಂದಿತ್ತು. ಕೆರಿಬಿಯನ್ ಅಂದರೆ ನನಗೆ ಗೊತ್ತಿದ್ದದ್ದು ವೆಸ್ಟ್ ಇಂಡೀಸ್ ಕ್ರಿಕೆಟ್ ಮಾತ್ರ. ಮೊಬೈಲಿನಲ್ಲಿ ಹುಡುಕಿದರೆ ಆ ದ್ವೀಪಗಳ ಮೂಲನಿವಾಸಿಗಳು ಕಲ್ಲಿನಲ್ಲಿ ಕೆತ್ತಿದ ಮುಖಗಳು ಸಿಕ್ಕವು. ದುಂಡು ಕಣ್ಣು, ಕಿವಿಯವರೆಗೆ ಹರಿದ ಬಾಯಿ, ಸಾಲು ಹಲ್ಲು.

ವಿಡಿಯೋ ನೋಡಿ ಬಲೂನ್ ಊದಿ, ಮೈದಾ ಅಂಟಿನಲ್ಲಿ ಪೇಪರ್ ಅಂಟಿಸಿದೆ. ಎರಡು ದಿನ ಮೋಡ. ಒಣಗಲೇ ಇಲ್ಲ. ತಡೆಯಲಾರದೆ ಇಸ್ತ್ರಿಪೆಟ್ಟಿಗೆ ಕಾಯಿಸಿ ಅದರ ಮೇಲೆ ಹಿಡಿದೆ. ಬಲೂನ್ ಒಡೆಯಿತು, ಮೂಗು ಹೋಯಿತು. ಪಕ್ಕದ ಮನೆಯ ತಮಿಳು ಅಕ್ಕ ಬಾಗಿಲಲ್ಲಿ ಇಣುಕಿ, “ಏನು ಟೀಚರಮ್ಮ, ದೋಸೆಗೆ ಇಸ್ತ್ರಿ ಹಾಕ್ತಾ ಇದ್ದೀಯಾ?” ಎಂದಳು. ನನಗೆ ಅಳು ಬಂತು. ಬಾಗಿಲು ಹಾಕಿಕೊಂಡೆ.

ಮತ್ತೊಂದು ಮಾಡಲು ಸಮಯವಿರಲಿಲ್ಲ. ಅಟ್ಟದ ಮೇಲೆ ಅಮ್ಮನ ಹಪ್ಪಳದ ಬುಟ್ಟಿ ಕಂಡಿತು. ನಾನು ಹೊಟ್ಟೆಯಲ್ಲಿದ್ದಾಗ ಅಜ್ಜಿಯ ಜೊತೆ ಕೂತು ಮಾಡಿದ್ದಂತೆ. ಹಳೇ ಕಾಗದ ನೆನೆಸಿ, ಮೆಂತ್ಯ ಹಾಕಿ ರುಬ್ಬಿ, ಕೊಡದ ತಳದ ಮೇಲೆ ಮೆತ್ತಿ ಒಣಗಿಸಿದ ಬುಟ್ಟಿ. ದುಂಡಗೆ, ಗಟ್ಟಿಯಾಗಿ, ಥೇಟ್ ಒಂದು ಮುಖದ ಅಳತೆ. ಅಮ್ಮ ಕೆಲಸದಿಂದ ಬರುವುದಕ್ಕೆ ಇನ್ನೂ ಒಂದು ಗಂಟೆಯಿತ್ತು. ಹಪ್ಪಳವನ್ನು ತಟ್ಟೆಗೆ ಸುರಿದೆ. ಬ್ಲೇಡ್ ತೆಗೆದುಕೊಂಡು ಒಂದು ಕಣ್ಣು ಕೊರೆದೆ. ಇನ್ನೊಂದನ್ನೂ ಕೊರೆದೆ. ನಿಲ್ಲಿಸಲಿಲ್ಲ.

ಬಾಯಿ ಕೊರೆಯುವಾಗ ಅಮ್ಮ ಬಂದಳು. ಚೀಲ ಕೆಳಗಿಟ್ಟು ನೋಡುತ್ತಾ ನಿಂತಳು.

“ಕೇಳಬೇಕು ಅನ್ನಿಸ್ಲಿಲ್ವಾ?”

“ಕೇಳಿದ್ರೆ ಕೊಡ್ತಿದ್ಯಾ?”

“ಇಲ್ಲ,” ಎಂದಳು. ಬುಟ್ಟಿಯ ಅಂಚು ಮುಟ್ಟಿ ನೋಡಿ, “ಒಣಗಿದ್ದನ್ನ ಹಾಗೇ ಕೊಯ್ದರೆ ಪದರ ಬಿಚ್ಚಿಕೊಳ್ಳುತ್ತೆ. ಒದ್ದೆ ಬಟ್ಟೆ ಒತ್ತಿ ಕೊಯ್ಯಿ,” ಎಂದು ಒಳಗೆ ಹೋದಳು. ನಾನು ಬಣ್ಣ ಬಳಿದೆ. ಕೆಂಪು, ಕಪ್ಪು, ಬಿಳಿ ಹಲ್ಲು.

ಹೆಡ್‌ಮಿಸ್ ಮುಖವಾಡವನ್ನು ಬೆರಳಿನಿಂದ ತಟ್ಟಿ ನೋಡಿದರು. “ಎಷ್ಟು ಗಟ್ಟಿ ಇದೆ! ನೀವೇ ಮಾಡಿದ್ದಾ?”

“ಹೌದು ಮೇಡಂ.”

ಅಷ್ಟು ಸಲೀಸಾಗಿ ಬಂತು ಆ ಮಾತು.

“ಇದು ಇಲ್ಲೇ ಇರಲಿ. ನಾಳೆಯಿಂದ ಬಂದು ಏಳನೇ ಕ್ಲಾಸಿನ ಮಕ್ಕಳಿಗೆ ಇದನ್ನೇ ಹೇಳಿಕೊಡಿ. ಪ್ರದರ್ಶನದಲ್ಲಿ ಅವರ ಕೈಕೆಲಸ ನೋಡಿ ನಿಮ್ಮನ್ನ ಕಾಯಂ ಮಾಡೋಣ.”

ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಕೂರಲಾಗಲಿಲ್ಲ. ಮನೆಗೆ ಬಂದಾಗ ಅಮ್ಮ ಹಪ್ಪಳವನ್ನು ಸ್ಟೀಲ್ ಡಬ್ಬಕ್ಕೆ ತುಂಬುತ್ತಿದ್ದಳು.

“ಬುಟ್ಟಿ?”

“ಶಾಲೆಯವರು ಇಟ್ಕೊಂಡ್ರು. ಕೆಲಸ ಕೊಟ್ರು.” ಅಮ್ಮನ ಮುಖ ನೋಡಲಾಗದೆ ಉಳಿದದ್ದನ್ನೂ ಹೇಳಿದೆ. “ನಾನೇ ಮಾಡಿದ್ದು ಅಂದೆ ಅಮ್ಮ. ನಾಳೆ ಮಕ್ಕಳಿಗೆ ಹೇಳ್ಕೊಡಬೇಕು. ಹೇಗೆ ಮಾಡೋದು ಹೇಳು.”

ಅಮ್ಮ ಡಬ್ಬದ ಮುಚ್ಚಳ ಒತ್ತಿದಳು.

“ನಾಳೆಗಾ? ಕಾಗದ ನೆನೆಯೋಕೇ ಮೂರು ದಿನ ಬೇಕು ಮಾರಾಯ್ತಿ. ಡಿಗ್ರಿಯಲ್ಲಿ ಇದನ್ನೆಲ್ಲ ಹೇಳ್ಕೊಡಲ್ವಾ?”

ನಾನು ಹಳೇ ಪೇಪರಿನ ಕಟ್ಟು ಬಿಚ್ಚಿ ಬಕೆಟ್ಟಿನ ಮುಂದೆ ಕುಳಿತೆ. ಅಮ್ಮ ನನ್ನ ಕೈ ನೋಡುತ್ತಾ, “ಅಷ್ಟು ದೊಡ್ಡ ಚೂರು ಬೇಡ. ಸಣ್ಣಗೆ ಹರಿ,” ಎಂದಳು.