ಅತ್ತಿಗೆಯ ಬಾಯಿ, ಯಾರದೋ ದನಿ

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ನಾನು ನಿದ್ದೆ ಮಾಡುವವನು. ನಿನ್ನೆ ಸೀಟು ಸಿಕ್ಕಿತು, ನಿದ್ದೆ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಬನವಾಸಿ ಕಡೆಯ ಹೆಣ್ಣುಮಗಳು ಇಡೀ ಬಸ್ಸಿಗೆ ಕೇಳುವಂತೆ ಮೊಬೈಲಿನಲ್ಲಿ ಸಿನಿಮಾ ಹಾಕಿಕೊಂಡಿದ್ದಳು. "ನೀನು ಗೆದ್ದೆ ಮಗನೇ, ನಾನು ಸೋತೆ" ಎಂದು ನಡುಗುವ ಹೆಂಗಸಿನ ದನಿಯೊಂದು ಕಿವಿಗೆ ಬಿತ್ತು. ನನ್ನ ಪಿತ್ತ ನೆತ್ತಿಗೇರಿತು.

ನಿಮಗೂ ಆ ಸಿನಿಮಾ ಗೊತ್ತಿದ್ದೀತು. ಬರೀ ತರ್ಕದ ಬಲದಿಂದ ಲೋಕವನ್ನು ಉಳಿಸುವ ಮಹಾವೀರನ ಕಥೆ. ಹೆಸರು ಹೇಳುವುದಿಲ್ಲ, ಹೇಳಿದರೆ ಇನ್ನು ನಾಲ್ಕು ಜನ ನೋಡುತ್ತಾರೆ. ಅದರಲ್ಲಿ ಆ ವೀರನಿಗೆ ಕೈಮುಗಿದು ಸೋಲುವ ಗುರುವಮ್ಮ ಇದ್ದಾರಲ್ಲ, ಅವರು ನನ್ನ ಅತ್ತಿಗೆ. ಮುಖ ಅತ್ತಿಗೆಯದು. ದನಿ ಯಾರದ್ದೋ ನನಗೆ ಗೊತ್ತಿಲ್ಲ.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ, ಸಿದ್ದಾಪುರದ ಹೆಂಗಸರ ತಾಳಮದ್ದಲೆ ತಂಡದ ದೊಡ್ಡ ಅರ್ಥಧಾರಿ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳಿ ನಿಲ್ಲಿಸಿದರೆ ಮುಂದಿನದೆಲ್ಲ ಮಾತು, ಅದಕ್ಕೇ ಅರ್ಥ ಎನ್ನುವುದು, ಅದೂ ಬಾಯಿಪಾಠವಲ್ಲ, ಎದುರು ಕೂತವರು ಏನು ಹೇಳಿದರೋ ಅದಕ್ಕೆ ಅಲ್ಲೇ ಹುಟ್ಟಬೇಕಾದ ಉತ್ತರ. ನಾನೂ ಒಮ್ಮೆ ಅರ್ಥ ಹೇಳಲು ಕೂತಿದ್ದೆ. ಎದುರಿನವರು "ಬಂದದ್ದು ಯಾಕೆ?" ಎಂದು ಕೇಳಿದರು. ನನಗೂ ಅದು ಹೊಳೆಯದೆ ಎದ್ದು ಬಂದೆ. ಅಂದಿನಿಂದ ನಾನು ಖಾಯಂ ಕೇಳುಗ. ಅತ್ತಿಗೆ ಹಾಗಲ್ಲ. ಎದುರಿನವರ ಮಾತನ್ನು ಪೂರ್ತಿ ಮುಗಿಯಲು ಬಿಟ್ಟು, ಒಂದು ಕ್ಷಣ ಸುಮ್ಮನಿದ್ದು, ಅದರೊಳಗಿನದೇ ಒಂದು ಶಬ್ದ ಎತ್ತಿಕೊಂಡು ಶುರು ಮಾಡುತ್ತಾರೆ. ಪ್ರಸಂಗದಲ್ಲಿ ಸೋಲುವ ಪಾತ್ರವನ್ನೇ ಬೇಡಿ ಪಡೆಯುತ್ತಾರೆ. ಸೋಲುವವನ ಹತ್ತಿರ ನ್ಯಾಯ ಎಷ್ಟಿತ್ತೆಂದು ತೋರಿಸಿಯೇ ಸೋಲಬೇಕು ಎಂಬುದು ಅವರ ಹಟ.

ಸಿನಿಮಾದವರು ಸಿದ್ದಾಪುರದ ಹತ್ತಿರದ ಬಿಳಗಿಯಲ್ಲಿ ಶೂಟಿಂಗಿಗೆ ಬಂದಿದ್ದಾಗ ಅವರಲ್ಲೊಬ್ಬ ಅತ್ತಿಗೆಯ ಅರ್ಥ ಕೇಳಿದ. ಮರುದಿನವೇ ಡೈರೆಕ್ಟರನ್ನು ಮನೆಗೆ ಕರೆತಂದ. ಇಂಥ ದನಿ ಇಡೀ ಕರ್ನಾಟಕದಲ್ಲಿ ಇಲ್ಲ, ನಮ್ಮ ಹೀರೋನ ಗುರು ನೀವೇ ಆಗಬೇಕು ಎಂದರು. ಅತ್ತಿಗೆಗೆ ಚಿಕ್ಕಂದಿನಿಂದ ಸಿನಿಮಾದ ಆಸೆ. ಮದುವೆಗೆ ಮುಂಚೆ ಆ ಮಾತೆತ್ತಿದ್ದಕ್ಕೆ ಅಪ್ಪನ ಹತ್ತಿರ ಬೈಸಿಕೊಂಡಿದ್ದರಂತೆ. ಅಂತೂ ಈ ವಯಸ್ಸಿನಲ್ಲಿ ತನ್ನ ಮಾತು ನಾಲ್ಕೂರಿನ ಆಚೆಗೂ ಕೇಳುತ್ತದೆ ಎಂಬ ಸಂತೋಷ ಅವರ ಮುಖದಲ್ಲಿ ಕಾಣುತ್ತಿತ್ತು. ನಾನು ಮ್ಯಾನೇಜರನೆಂದು ನನ್ನನ್ನೇ ನೇಮಿಸಿಕೊಂಡು, ಹೊಸ ಬಿಳಿ ಶರ್ಟು ಹೊಲಿಸಿಕೊಂಡು ಜೊತೆಗೆ ಹೋದೆ.

ಅಲ್ಲಿ ಆ ತರ್ಕವೀರನನ್ನು ಕಂಡೆ. ಹುಡುಗ ಒಳ್ಳೆಯವನೇ, ನನಗೆ ಚಾ ಕೊಡಿಸಿದ. ಸಿಟ್ಟು ಅವನ ಮೇಲಲ್ಲ, ಅವನನ್ನು ಆರಿಸಿದವರ ಮೇಲೆ. ತರ್ಕಕ್ಕೆ ಅಷ್ಟು ದಪ್ಪ ತೋಳು ಯಾಕೆ ಬೇಕು ಹೇಳಿ. ಬುದ್ಧಿವಂತ ಎಂದು ತೋರಿಸಲು ಒಂದು ಕನ್ನಡಕ, ಹೊಡೆದಾಟ ಬಂದ ಕೂಡಲೇ ಅದನ್ನು ತೆಗೆದು ಅಂಗಿ ಬಿಚ್ಚುವುದು. ಯೋಚನೆ ಮಾಡುತ್ತಾನೆ ಎಂದರೆ ತಲೆಯ ಸುತ್ತ ನೀಲಿ ಅಂಕಿಗಳು ಹಾರಬೇಕು. ಅವನು ನಗುವುದಿಲ್ಲ, ಉಣ್ಣುವುದಿಲ್ಲ, ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುವುದನ್ನು ಸಾರುವವರ ಹಾಗೆ ಮಾತಾಡುತ್ತಾನೆ. ಈ ಕಥೆ ಬರೆದವರು ಬುದ್ಧಿವಂತರನ್ನು ಜೀವಮಾನದಲ್ಲಿ ಒಬ್ಬರನ್ನಾದರೂ ಕಂಡಿದ್ದಾರೆಯೇ? ನಾನು ಕಂಡ ಬುದ್ಧಿವಂತೆ ಮಜ್ಜಿಗೆ ಅನ್ನ ಕಲಸುತ್ತಾ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾರೆ. ಎದುರಿನವರಿಗೆ ನೋವಾಯಿತೋ ಎಂದು ಸಭೆ ಮುಗಿದ ಮೇಲೆ ಹೋಗಿ ಮಾತಾಡಿಸಿ ಬರುತ್ತಾರೆ.

ದೃಶ್ಯ ಇಷ್ಟು. ನೂರು ಮನೆಯ ಊರು ಉಳಿಸಲು ಒಂದು ಮನೆ ಮುಳುಗಿಸಬಹುದೇ ಎಂದು ಗುರು ಕೇಳಬೇಕು. ಹೀರೋ ಕಣ್ಣು ಮಿಟುಕಿಸುವುದರೊಳಗೆ "ನೂರು ದೊಡ್ಡದು, ಒಂದು ಚಿಕ್ಕದು. ಮುಳುಗಿಸಬಹುದು" ಎನ್ನಬೇಕು. ಗುರು ಕೈಮುಗಿಯಬೇಕು. ಅತ್ತಿಗೆ ಎರಡು ಸಲ ಹಾಗೇ ಮಾಡಿಕೊಟ್ಟರು. ಆಮೇಲೆ ಡೈರೆಕ್ಟರ ಹತ್ತಿರ ಮೆಲ್ಲಗೆ ಹೇಳಿದರು: "ಸೋಲೂದು ನನಗೆ ಹೊಸತಲ್ಲ. ಆದರೆ ಸೋಲ್ಲಿಕ್ಕೆ ಒಂದು ಕಾರಣ ಬೇಕಲ್ಲ? ಆ ಮನೆ ನನ್ನದಾದರೂ ಇದನ್ನೇ ಹೇಳ್ತೇನೆ ಅಂತ ಇವರ ಬಾಯಲ್ಲಿ ಒಂದು ಮಾತು ಹೇಳ್ಸಿ. ಆಗ ನಾನು ನಿಜವಾಗಿ ಸೋಲ್ತೇನೆ."

ಹೀರೋಗೆ ಮನೆ ಇಲ್ಲ, ಯಾರ ಮೇಲೂ ಪ್ರೀತಿ ಇಲ್ಲ, ಅದಕ್ಕೇ ಅವನು ಲಾಜಿಕಲ್ ಎಂದು ಡೈರೆಕ್ಟರು ವಿವರಿಸಿದರು. ಏನೂ ಇಲ್ಲದವನಿಗೆ ಮುಳುಗುವುದರ ಲೆಕ್ಕ ಹೇಗೆ ಸಿಗುತ್ತದೆ ಎಂದು ಅತ್ತಿಗೆ ಕೇಳಿದರು. "ಅಮ್ಮಾ, ಅಷ್ಟೆಲ್ಲ ಯಾರ್ ಕೇಳ್ತಾರೆ, ಅಲ್ಲಿ ಮ್ಯೂಸಿಕ್ ಬರುತ್ತೆ" ಎಂದು ಡೈರೆಕ್ಟರು ನಕ್ಕರು. ಆಮೇಲೆ ಏನನಿಸಿತೋ, ನಿಮ್ಮ ರೀತಿಯಲ್ಲೂ ಒಂದು ಸಲ ಮಾಡಿ ಎಂದರು. ಅತ್ತಿಗೆ ಹೀರೋನ ಉತ್ತರ ಕೇಳಿದರು, ಸುಮ್ಮನಿದ್ದರು, ಮತ್ತೆ ಶುರು ಮಾಡಿದರು. ಆ ಒಂದು ಮನೆ ಯಾರದು? ಅವರನ್ನು ಕೇಳಿದೆಯಾ? ಯಾವುದು ದೊಡ್ಡದು ಎಂದು ನಾನು ಕೇಳಲಿಲ್ಲ, ಮುಳುಗಿಸಬಹುದೇ ಎಂದು ಕೇಳಿದೆ. ಹುಡುಗ ಮುಂದಿನ ಮಾತಿಗೆ ಡೈರೆಕ್ಟರ ಮುಖ ನೋಡಿದ. ಲೈಟು ಹಿಡಿದವರೂ ಚಪ್ಪಾಳೆ ಹೊಡೆದರು.

ಸಿನಿಮಾ ಬಂತು. ಶಿರಸಿಯ ಟಾಕೀಸಿಗೆ ನೆಂಟರಿಷ್ಟರೆಲ್ಲ ಹೋದೆವು, ಸಿನಿಮಾ ನೋಡದ ಅಣ್ಣನೂ ಬಂದ. ತೆರೆಯ ಮೇಲೆ ಅತ್ತಿಗೆಯ ಮುಖ ದೊಡ್ಡದಾಗಿ ಬಂತು. ಅದು ಅವರು ತಮ್ಮ ರೀತಿಯಲ್ಲಿ ಮಾಡಿದಾಗ ತೆಗೆದ ಚಿತ್ರವೇ. ಕಣ್ಣಲ್ಲಿ ಅದೇ ಹೊಳಪು, ತುಟಿ ಕೇಳುತ್ತಿರುವುದು ಆ ಮನೆ ಯಾರದೆಂದು. ಆದರೆ ಯಾವಳದೋ ಅಳುಬುರುಕ ದನಿ "ನೀನು ಗೆದ್ದೆ ಮಗನೇ" ಎಂದಿತು. ಹಿಂದೆಯೇ ಮೊದಲು ತೆಗೆದ ಕೈಮುಗಿಯುವ ಚಿತ್ರ ಅಂಟಿಸಿದ್ದರು. ಮುಖ ಬೇಕಾಯಿತು, ಕಳೆ ಬೇಕಾಯಿತು, ಮಾತು ಮಾತ್ರ ಬೇಡವಾಯಿತು. ಇದಕ್ಕೆ ಕಳ್ಳತನ ಎನ್ನದೆ ನಾನು ಬೇರೆ ಏನೆನ್ನಲಿ? ಅತ್ತಿಗೆ ಕತ್ತಲೆಯಲ್ಲಿ ಸೆರಗು ಸರಿ ಮಾಡಿಕೊಂಡರು.

ಅಲ್ಲಿಗೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆ. ಮುಂದಿನ ತಾಳಮದ್ದಲೆಗೆ ಎಂದೂ ಇಲ್ಲದಷ್ಟು ಜನ. ಎದುರಿಗೆ ಕೂತ ಹೊಸಬಳು ಬುಡವಿಲ್ಲದ ಒಂದು ವಾದ ಹೂಡಿದಳು. ಅತ್ತಿಗೆ ಎಂದಿನಂತೆ ಒಂದು ಕ್ಷಣ ಸುಮ್ಮನಾದರು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೈ ಮುಗೀರಿ ಎಂದು ಕೂಗಿದರು. ಸಭೆಯೆಲ್ಲ ನಕ್ಕಿತು. ಅತ್ತಿಗೆ ಸಭೆಯನ್ನೊಮ್ಮೆ ನೋಡಿ ಕೈಮುಗಿದುಬಿಟ್ಟರು. ಸೀಟಿ, ಚಪ್ಪಾಳೆ. "ಈ ಜನಕ್ಕೆ ಕೈಯೇ ಸಾಕು ತಮಾ, ಮಾತು ಬ್ಯಾಡ" ಎಂದರು ಅತ್ತಿಗೆ ಮನೆಗೆ ಬರುವಾಗ. ಆಮೇಲೆ ಅವರು ತಾಳಮದ್ದಲೆಯ ಯಾವ ಕರೆಯನ್ನೂ ಒಪ್ಪಿಕೊಳ್ಳಲಿಲ್ಲ. ಮನೆಯಲ್ಲೂ ಮಾತು ಕಮ್ಮಿಯಾಯಿತು. ನಾನು ಬೇಡಿಕೊಂಡೆ, ಸಮಾಧಾನ ಹೇಳಿದೆ, ಡೈರೆಕ್ಟರಿಗೆ ಶಾಪ ಹಾಕಿದೆ. ಅವರು ಹೂಂ ಅಂದರು ಅಷ್ಟೆ.

ಬಸ್ಸಿನ ಹೆಣ್ಣುಮಗಳು ನಾನು ಗುರಾಯಿಸುವುದನ್ನು ಕಂಡು, ಸಿನಿಮಾದ ಮೇಲೆ ನನಗೆ ಆಸೆಯೆಂದು ತಿಳಿದು, ಮೊಬೈಲು ಈಚೆ ಹಿಡಿದಳು. ತುಟಿ ನೋಡು ತಂಗಿ, ದನಿ ಬಿಟ್ಟು ಬರೀ ತುಟಿ ನೋಡು ಎಂದೆ. ಅವಳು ಸದ್ದು ನಿಲ್ಲಿಸಿ ಮತ್ತೊಮ್ಮೆ ಹಾಕಿದಳು. "ಹೌದ್ರೀ, ಈ ಅಮ್ಮಾರು ಬ್ಯಾರೆ ಏನೋ ಕೇಳಾಕತ್ತಾರ" ಎಂದಳು. ಏನು ಕೇಳುತ್ತಿದ್ದಾರೆಂದು ನಾನು ಹೇಳಿದೆ. ಅದಕ್ಕವಳು, ಮತ್ತೆ ಆ ಹೀರೋ ಏನು ಉತ್ತರ ಕೊಟ್ಟ ಎಂದಳು. ಸಿದ್ದಾಪುರ ಬರುವ ತನಕ ನನ್ನ ತಲೆಯಲ್ಲಿ ಅದೇ ಪ್ರಶ್ನೆ. ಇಷ್ಟು ದಿನ ನಾನು ಅತ್ತಿಗೆಗೆ ಸಮಾಧಾನ ಹೇಳಿದ್ದೆನೇ ಹೊರತು ವಾದಕ್ಕೆ ಎದುರು ಕೂತಿರಲಿಲ್ಲ.

ಇಳಿದವನು ನನ್ನ ಮನೆಗೆ ಹೋಗದೆ ನೆಟ್ಟಗೆ ಅವರ ಅಡುಗೆಮನೆಗೆ ಹೋದೆ. ಅತ್ತಿಗೆ ಬಸಳೆ ಹೆಚ್ಚುತ್ತಿದ್ದರು. ನೆಲಕ್ಕೆ ಕೂತು, ಸಿಟ್ಟೆಲ್ಲ ಗಂಟಲಿಗೆ ತಂದುಕೊಂಡು, ಆ ಹೀರೋ ಹೇಳಿದ್ದೇ ಸರಿ, ನೂರು ದೊಡ್ಡದು ಒಂದು ಚಿಕ್ಕದು, ಅದಕ್ಕೆ ಉತ್ತರವೇ ಇಲ್ಲ ಎಂದೆ.

ಅವರು ಹೆಚ್ಚುತ್ತಲೇ ಇದ್ದರು. ಆಮೇಲೆ ಕೈ ನಿಂತಿತು.

"ಆ ಒಂದು ಮನೆ ಯಾರದು?"

"ಯಾರದ್ದಾದ್ರೂ ಎಂತ ಅತ್ತಿಗೆ?"

"ನಿನ್ನದೇ ಅಂತ ತಿಳ್ಕ. ಈಗ ಹೇಳು."

ಹೇಳಲು ನಾನು ಬಾಯಿ ತೆರೆದೆ. ಎಂದೂ ಎದುರಿನವರ ಮಾತು ಮುಗಿಯಲು ಕಾಯುವವರು ಈ ಸಲ ಬಿಡಲೇ ಇಲ್ಲ, ಮಾತಿನ ಮೇಲೆ ಮಾತು.