ಫ್ರೂಮಮ್ಮನ ಸನ್ಮಾನ, ತಿರ್ಜಾಳ ಕೇಕು

ಓಹೆಲ್ ರಿವ್ಕಾ ಎಂಬ ನಮ್ಮ ಯಹೂದಿ ಶಾಲೆಯ ಅಡುಗೆಮನೆಗೆ ಫ್ರೂಮಮ್ಮ ಬಂದದ್ದು ಒಂದೇ ಒಂದು ವಾರದ ಮಟ್ಟಿಗೆ. ಅಡುಗೆಯವಳು ಹೆರಿಗೆಗೆ ಹೋಗಿದ್ದಳು, ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕುವವರಿರಲಿಲ್ಲ, ಇವರ ಕಿರಿಮಗ ನಫ್ತಾಲಿ ಆಗ ಮೂರನೇ ತರಗತಿಯಲ್ಲಿದ್ದ. ಒಂದು ವಾರ ತಾನೇ, ನೋಡಿಕೊಂಡರಾಯಿತು ಎಂದು ಏಪ್ರನ್ ಕಟ್ಟಿಕೊಂಡರು. ಆ ವಾರ ಮುಗಿಯುವುದಕ್ಕೆ ಇಪ್ಪತ್ತೆಂಟು ವರ್ಷ ಹಿಡಿಯಿತು. ಅಡುಗೆಯವಳಿಗೆ ಹುಟ್ಟಿದ ಆ ಮಗುವಿಗೇ ಈಗ ಮಗುವಾಗಿದೆ.

ಸಂಬಳವಿಲ್ಲ, ಕೇಳಿದವರೂ ಅಲ್ಲ. ಕ್ಲೀವ್‌ಲ್ಯಾಂಡಿನ ಚಳಿಯಲ್ಲಿ ಬೆಳಗಿನ ಏಳಕ್ಕೇ ಬಂದು ಸೂಪಿಗೆ ನೀರಿಡುತ್ತಿದ್ದರು. ಇನ್ನೂರು ಮಕ್ಕಳಲ್ಲಿ ಯಾರು ಕ್ಯಾರೆಟ್ ಮುಟ್ಟುವುದಿಲ್ಲ, ಯಾರ ಮನೆಯಲ್ಲಿ ಈ ತಿಂಗಳು ಕೈ ಬಿಗಿಯಾಗಿದೆ, ಯಾರ ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಎಲ್ಲವೂ ಅವರಿಗೆ ಗೊತ್ತು. ಅಂಥ ಮಗುವಿನ ತಟ್ಟೆಗೆ ಎರಡನೇ ಸಲ ಬಡಿಸುವಾಗ ಗದರಿಕೊಂಡೇ ಬಡಿಸುತ್ತಿದ್ದರು, ಪಕ್ಕದ ಮಕ್ಕಳಿಗೆ ಅದು ಶಿಕ್ಷೆಯ ಹಾಗೆ ಕಾಣಲಿ ಎಂದು. ಆ ಶಾಲೆಯಲ್ಲಿ ಓದಿದ ಯಾರನ್ನೇ ಕೇಳಿ, ಗಣಿತ ಮರೆತಿರಬಹುದು, ಫ್ರೂಮಮ್ಮನ ಬೈಗುಳ ಮರೆತಿರುವುದಿಲ್ಲ.

ಆದರೆ ಮಾಂಸ ಮತ್ತು ಹಾಲಿನ ವಿಷಯ ಬಂದರೆ ಅವರು ಬೇರೆಯೇ ಮನುಷ್ಯರಾಗುತ್ತಿದ್ದರು. ನಮ್ಮಲ್ಲಿ ಇವೆರಡೂ ಒಂದು ಬಾಯಿಗೆ ಕೂಡುವುದಿಲ್ಲ, ಒಂದು ಪಾತ್ರೆಗೂ ಕೂಡುವುದಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಕೆಂಪು ಬಣ್ಣ ಹಚ್ಚಿದ್ದೆಲ್ಲ ಮಾಂಸದ ಕಡೆ, ನೀಲಿ ಹಚ್ಚಿದ್ದೆಲ್ಲ ಹಾಲಿನ ಕಡೆ. ಚಮಚ, ಚಾಕು, ಸ್ಪಂಜು, ಫ್ರಿಜ್ಜು, ಎಲ್ಲವೂ ಎರಡೆರಡು. ಒಮ್ಮೆ ಹೊಸ ಮೇಷ್ಟರೊಬ್ಬರು ಕೆಂಪು ಚಮಚದಲ್ಲಿ ಹಾಲು ಬೆರೆಸಿದ ಕಾಫಿ ಕಲಕಿಬಿಟ್ಟರು. ದೋಷ ಕಳೆಯಲೆಂದು ಆ ಚಮಚ ಮೂರು ದಿನ ಕಿಟಕಿಯ ಹೂಕುಂಡದ ಮಣ್ಣಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಫ್ರೂಮಮ್ಮನಿಗೆ ಬಿಟ್ಟಿದ್ದರೆ ಮೇಷ್ಟರನ್ನೂ ಅದರ ಪಕ್ಕದಲ್ಲೇ ನೆಡುತ್ತಿದ್ದರು.

ಇಂಥವರ ಮನೆಗೆ ತಿರ್ಜಾ ಸೊಸೆಯಾಗಿ ಬಂದಳು. ಹುಟ್ಟಿನಿಂದ ಯಹೂದಿಯಲ್ಲ. ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುತ್ತ, ಸಂಜೆ ಹೊತ್ತು ಪಾಠಕ್ಕೆ ಕೂತು, ಎರಡು ವರ್ಷ ಓದಿ ನಮ್ಮ ಧರ್ಮಕ್ಕೆ ಬಂದವಳು. ನಫ್ತಾಲಿಯ ಪರಿಚಯವಾದದ್ದು ಅದರ ನಂತರ. ನಿಯಮಗಳ ಮಾತಿಗೆ ಬಂದರೆ ಅವನಿಗಿಂತ ಅವಳೇ ಗಟ್ಟಿ. ಹಾಗೆ ಬಂದವರಿಗೆ ಹಿಂದಿನದನ್ನು ನೆನಪಿಸಿ ನೋಯಿಸುವುದು ನಮ್ಮಲ್ಲಿ ದೊಡ್ಡ ಪಾಪ. ಫ್ರೂಮಮ್ಮ ಪಾಪ ಮಾಡುವವರಲ್ಲ. ನಾಲ್ಕು ವರ್ಷದಲ್ಲಿ ಸೊಸೆಗೆ ಒಂದು ಮಾತು ಅಂದದ್ದಿಲ್ಲ. ಆದರೆ ನಾಲ್ಕು ವರ್ಷದಲ್ಲಿ ಅವಳ ಮನೆಯಲ್ಲಿ ಒಂದು ತುತ್ತು ಉಂಡದ್ದೂ ಇಲ್ಲ.

ಶುಕ್ರವಾರ ಸಂಜೆ ಶುರುವಾಗುವ ವಾರದ ವಿಶ್ರಾಂತಿಯ ದಿನ, ಶಬ್ಬತ್; ಅದರ ಊಟಕ್ಕೆ ಮಗನ ಮನೆಗೆ ಹೋಗುವಾಗ ತಮ್ಮ ಪಾಲಿನದನ್ನು ತಾವೇ ಕಟ್ಟಿಕೊಂಡು ಹೋಗುತ್ತಿದ್ದರು. ನೆಪ ವಾರಕ್ಕೊಂದು. ತಿರ್ಜಾ ಪ್ರತಿ ಸಲವೂ ಅತ್ತೆಯ ಮುಂದೆ ತಟ್ಟೆ ಇಡುತ್ತಿದ್ದಳು, ಪ್ರತಿ ಸಲವೂ ಅದು ಇಟ್ಟ ಹಾಗೇ ವಾಪಸು ಹೋಗುತ್ತಿತ್ತು. ಅಮ್ಮ ಇರುವುದೇ ಹಾಗೆ ಎಂದು ನಫ್ತಾಲಿ ಹೇಳುತ್ತಿದ್ದ. ಅವನಿಗೇನು, ಎರಡು ಕಡೆಯೂ ಉಂಡು ಸುಖವಾಗಿದ್ದ. ಊರಿಗೂ ಇದು ಗೊತ್ತಿತ್ತು. ಅತ್ತೆಯೇ ನಂಬದ ಅಡುಗೆಮನೆಗೆ ಬೇರೆಯವರು ಯಾಕೆ ಬಂದಾರು? ತಿರ್ಜಾಳ ಮೇಜಿಗೆ ಅತಿಥಿಗಳು ಬರುವುದು ಅಪರೂಪವಾಗಿತ್ತು, ಅದಕ್ಕೆ ಕಾರಣ ಯಾರು ಎಂಬುದು ಫ್ರೂಮಮ್ಮನಿಗೂ ತಿಳಿದಿತ್ತು. ತಿಳಿದೂ ಬದಲಾಗಲಿಲ್ಲ ಎನ್ನುವುದನ್ನು ನಾನು ಮುಚ್ಚಿಡುವುದಿಲ್ಲ.

ಈ ಸಲದ ವಾರ್ಷಿಕ ಔತಣಕ್ಕೆ ಶಾಲೆಯವರು ಸ್ವಯಂಸೇವಕರನ್ನು ಸನ್ಮಾನಿಸುವುದೆಂದು ತೀರ್ಮಾನಿಸಿದರು. ಔತಣವೆಂದರೆ ದೇಣಿಗೆ ಎತ್ತುವ ಊಟ, ಶಾಲೆಯ ಅರ್ಧ ವರ್ಷ ನಡೆಯುವುದೇ ಅದರಿಂದ. ಎಂದಿನಂತೆ ದೊಡ್ಡ ದಾನಿಗಳ ಕೊರಳಿಗೇ ಹಾರ ಹಾಕುವ ಬದಲು ಈ ಸಲ ಮೂವರನ್ನು ಆರಿಸಿದ್ದರು: ಹತ್ತೊಂಬತ್ತು ವರ್ಷ ಮಳೆ ಹಿಮ ಎನ್ನದೆ ಮಕ್ಕಳನ್ನು ರಸ್ತೆ ದಾಟಿಸಿದ ಮುದುಕರೊಬ್ಬರು, ಗ್ರಂಥಾಲಯದ ಹರಿದ ಪುಸ್ತಕಗಳಿಗೆ ಅಂಟು ಹಾಕುವ ಅಜ್ಜಿ, ಮತ್ತು ಫ್ರೂಮಮ್ಮ.

ಸುದ್ದಿ ತಂದವಳು ಪೋಷಕರ ಸಮಿತಿಯ ಬೈಲಾ ಕ್ರೋನ್. ಬಾಯಿ ಜೋರು, ಮನಸ್ಸು ಒಳ್ಳೆಯದು, ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಮಾತ್ರ ಗೊತ್ತಿಲ್ಲ. ಫ್ರೂಮಮ್ಮ ಬೇಡವೇ ಬೇಡ ಎಂದರು. ಮುನ್ನೂರು ಜನರ ಊಟವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು.

"ಅದು ನಿಮಗೆ ಬೇಡದ ವಿಷಯ ಫ್ರೂಮಮ್ಮ," ಎಂದಳು ಬೈಲಾ. "ಮದುವೆ ದಿನ ಮದುಮಗಳು ಒಲೆ ಮುಂದೆ ನಿಂತ್ಕೋತಾಳಾ? ಆ ದಿನ ನೀವು ಅಡುಗೆಮನೆ ಹೊಸಿಲು ದಾಟೋ ಹಾಗಿಲ್ಲ."

ತಾನು ನೋಡಿಕೊಳ್ಳುತ್ತೇನೆ ಎಂದು ಅಲ್ಲೇ ನಿಂತಿದ್ದ ತಿರ್ಜಾ ಹೇಳಿದಳು. ಬೈಲಾಳ ಮುಂದೆ ಬೇಡ ಎನ್ನುವುದೆಂದರೆ ಊರಿಗೇ ಡಂಗುರ ಸಾರಿದ ಹಾಗೆ. ಫ್ರೂಮಮ್ಮ ತಲೆಯಾಡಿಸಿದರು. ಮುಂದಿನ ಎರಡು ವಾರದಲ್ಲಿ ಸೊಸೆಗೆ ಹನ್ನೊಂದು ಪುಟ ಸೂಚನೆ ಬರೆದುಕೊಟ್ಟರು, ದಿನಕ್ಕೆ ನಾಲ್ಕು ಸಲ ಫೋನ್ ಮಾಡಿದರು. ತಿರ್ಜಾ ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ. ಈ ಒಂದು ಊಟ ಸರಿಯಾಗಿ ಸಾಗಿದರೆ ಅತ್ತೆ ತನ್ನ ಮನೆಯ ತಟ್ಟೆ ಮುಟ್ಟಬಹುದು ಎಂಬ ಆಸೆ ಅವಳದು. ಗಂಡನ ಹತ್ತಿರ ಹಾಗೆಂದೇ ಹೇಳಿಕೊಂಡಿದ್ದಳು.

ಮಾರ್ಚ್ ತಿಂಗಳ ಒಂದು ಭಾನುವಾರ ಸಂಜೆ ಔತಣ. ಫ್ರೂಮಮ್ಮ ಹೊಸ ಟೋಪಿ, ಮುತ್ತಿನ ಸರ ಹಾಕಿಕೊಂಡು ಮೇಲಿನ ಮೇಜಿನಲ್ಲಿ ನಮ್ಮ ಧರ್ಮಗುರು ರಬ್ಬಿ ಪೆರ್ಲೊವರ ಪಕ್ಕ ಕೂತಿದ್ದರು, ಹಲ್ಲು ಕೀಳಿಸಿಕೊಳ್ಳಲು ಕೂತವರ ಹಾಗೆ. ಕಣ್ಣು ಸಭೆಯ ಕಡೆ, ಕಿವಿ ಅಡುಗೆಮನೆಯ ಬಾಗಿಲ ಕಡೆ. ಸೂಪು ಬಂತು, ಚೆನ್ನಾಗಿತ್ತು. ಹುರಿದ ಕೋಳಿ ಬಂತು, ಅದೂ ಹದವಾಗಿತ್ತು. ಆಲೂಗೆಡ್ಡೆ ತುರಿದು ಬೇಯಿಸಿದ ಕುಗೆಲ್‌ನಲ್ಲಾದರೂ ಏನಾದರೂ ಕೊಂಕು ಸಿಗುತ್ತದೇನೋ ಎಂದು ನೋಡಿದರು, ಸಿಗಲಿಲ್ಲ. ಸ್ವಲ್ಪ ನಿರಾಸೆಯೇ ಆಯಿತು.

ಊಟದ ನಡುವೆ ಫಲಕ ಕೊಟ್ಟರು. ಅದರ ಮೇಲೆ ಎರಡು ಸಾಲು ಕೆತ್ತಿಸಿದ್ದರು: "ಇಪ್ಪತ್ತೆಂಟು ವರ್ಷ, ಒಂದು ತಪ್ಪೂ ಇಲ್ಲದೆ." ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸೂಪು ಕುಡಿದು ಬೆಳೆದು ಈಗ ವಕೀಲರೂ ವ್ಯಾಪಾರಿಗಳೂ ಆಗಿದ್ದವರು ಕಣ್ಣೊರೆಸಿಕೊಂಡರು. ಆಮೇಲೆ ಬೈಲಾ ಮೈಕು ಹಿಡಿದು, ಈಗ ಬರುತ್ತಿರುವುದು ಫ್ರೂಮಮ್ಮನದೇ ಸೇಬಿನ ಕೇಕು, ಆದರೆ ಮಾಡಿರುವುದು ಅವರ ಸೊಸೆ ತಿರ್ಜಾ, ಒಂದೊಂದು ತುಂಡೂ ಅವಳ ಕೈಯದೇ ಎಂದು ಸಾರಿದಳು. ಮತ್ತೆ ಚಪ್ಪಾಳೆ.

ಮೊದಲ ತಟ್ಟೆಗಳನ್ನು ಮೇಲಿನ ಮೇಜಿಗೆ ತಂದಿಟ್ಟರು. ಫ್ರೂಮಮ್ಮ ಫೋರ್ಕು ಎತ್ತಿದವರು ಹಾಗೇ ತಡೆದರು. ಮಾಂಸದೂಟದ ನಂತರ ತಿನ್ನುವುದಕ್ಕೆಂದು ಆ ಕೇಕನ್ನು ಅವರು ಯಾವಾಗಲೂ ಎಣ್ಣೆಯಿಂದಾದ, ಹಾಲಿಲ್ಲದ ಮಾರ್ಗರೀನ್ ಹಾಕಿಯೇ ಮಾಡುತ್ತಿದ್ದರು. ಇದರ ಪರಿಮಳ ಬೇರೆ. ತುಂಬ ಚೆನ್ನಾಗಿತ್ತು, ಅದೇ ತೊಂದರೆ. ಬೆಣ್ಣೆ.

ಕೋಳಿ ತಿಂದ ಮುನ್ನೂರು ಬಾಯಿಗಳು ಕಾಯುತ್ತಿದ್ದವು, ಕೇಕಿನ ಗಾಡಿಗಳು ಬಾಗಿಲಲ್ಲಿ ಸಾಲಾಗಿ ನಿಂತಿದ್ದವು. ತಡೆದರೆ ಯಾಕೆಂದು ಹೇಳಬೇಕು, ಮಾಡಿದವಳು ಯಾರೆಂದು ಈಗ ತಾನೇ ಮೈಕಿನಲ್ಲಿ ಸಾರಿಯಾಗಿತ್ತು. ಅವಳೆದುರು ಯಾರೂ ಏನೂ ಅನ್ನುವುದಿಲ್ಲ, ಪಾಪವಲ್ಲವೇ. ಬೆನ್ನ ಹಿಂದೆ ಮಾತ್ರ, ಎಷ್ಟಾದರೂ ಹೊರಗಿನಿಂದ ಬಂದವಳು ಎನ್ನುತ್ತಾರೆ. ಮತ್ತೆ ಅವಳ ಮನೆಗೆ ಯಾರೂ ಹೋಗುವುದಿಲ್ಲ, ಯಾವತ್ತೂ. ಹಾಗೆನ್ನುವವರ ದನಿ ಫ್ರೂಮಮ್ಮನಿಗೆ ಚೆನ್ನಾಗಿ ಗೊತ್ತಿತ್ತು, ನಾಲ್ಕು ವರ್ಷದಿಂದ ಅವರ ಒಳಗೇ ಅದು ಮಾತಾಡುತ್ತಿತ್ತು.

"ರಬ್ಬಿಗಳೇ, ಒಂದು ನಿಮಿಷ ತಿನ್ನಬೇಡಿ," ಎಂದು ಅವರ ತಟ್ಟೆಯನ್ನು ಆಚೆ ಸರಿಸಿ, ಗಾಡಿಗಳವರಿಗೆ ಅಲ್ಲೇ ನಿಲ್ಲಿ ಎಂದು ಕೈ ತೋರಿಸಿ, ಅಡುಗೆಮನೆಯ ಕಡೆ ನಡೆದರು.

ಬಾಗಿಲಲ್ಲಿ ತಿರ್ಜಾ ಎದುರಾದಳು. ತೋಳಿನ ತುಂಬ ಹಿಟ್ಟು, ಮುಖ ಸುಣ್ಣ ಬಳಿದ ಹಾಗೆ. ಕೈಯಲ್ಲಿ ಬೆಣ್ಣೆ ಸುತ್ತಿದ್ದ ಕಾಗದ. ಕಸ ಕಟ್ಟುವಾಗ ಈಗಷ್ಟೇ ಕಣ್ಣಿಗೆ ಬಿತ್ತೆಂದಳು. ಮಧ್ಯಾಹ್ನ ಮಾರ್ಗರೀನ್ ಮುಗಿದುಹೋಗಿತ್ತು, ಉಳಿದದ್ದು ಅಲ್ಲಿರಬೇಕೆಂದು ನೀಲಿ ಫ್ರಿಜ್ಜಿನಿಂದ ಎಂಟು ಕಟ್ಟು ತೆಗೆದಿದ್ದಳು, ಬೆಣ್ಣೆ ಮಾರ್ಗರೀನ್ ಎರಡರ ಕಾಗದವೂ ಹಳದಿ, ಅವಸರದಲ್ಲಿ ಓದಲಿಲ್ಲ.

"ದಾರಿ ಬಿಡಿ ಅತ್ತೆ," ಎಂದಳು. "ಯಾರೂ ಬಾಯಿಗಿಡೋ ಮುಂಚೆ ಹೇಳ್ಬೇಕು. ನಾನೇ ಮಾಡಿದ್ದು ಅಂತ ನಾನೇ ಹೇಳ್ತೀನಿ."

ಫ್ರೂಮಮ್ಮ ಅವಳ ಹೆಗಲ ಮೇಲಿಂದ ಒಳಗೆ ನೋಡಿದರು. ನೀಲಿ ಫ್ರಿಜ್ಜಿನ ಹಿಡಿ ಬರಿದಾಗಿತ್ತು. ಮಾಂಸದಡುಗೆಯ ದಿನ ಬೆಳಗ್ಗೆ ಎಲ್ಲಕ್ಕಿಂತ ಮೊದಲು ಅವರು ಆ ಹಿಡಿಗೊಂದು ಬಟ್ಟೆಪಟ್ಟಿ ಸುತ್ತಿ ಗಂಟು ಹಾಕುತ್ತಿದ್ದರು, ಯಾರ ಕೈಯೂ ಮರೆತು ಅತ್ತ ಹೋಗದಿರಲಿ ಎಂದು. ಇಪ್ಪತ್ತೆಂಟು ವರ್ಷ ಆ ಗಂಟನ್ನು ತಾವೇ ಹಾಕಿದ್ದರು, ತಾವೇ ಬಿಚ್ಚಿದ್ದರು. ಹನ್ನೊಂದು ಪುಟದಲ್ಲಿ ಅದನ್ನು ಬರೆದಿರಲಿಲ್ಲ. ಕೈಗೆ ರೂಢಿಯಾದದ್ದು ತಲೆಗೆ ಹೊಳೆದಿರಲಿಲ್ಲ. ಬೇರೆಯವರಿಗೆ ಹೇಳಿಕೊಡುವುದಂತೂ ದೂರವೇ ಉಳಿಯಿತು, ಅಡುಗೆಮನೆ ಬೇರೆಯವರದೂ ಆಗಬಹುದೆಂದು ಅವರು ಯಾವತ್ತು ಅಂದುಕೊಂಡಿದ್ದರು?

"ನೀನು ಇಲ್ಲೇ ಇರು," ಎಂದರು. "ಇದು ನಾನು ಹೇಳ್ಬೇಕಾದ್ದು."

ಬೈಲಾಳ ಕೈಯಿಂದ ಮೈಕು ಇಸಿದುಕೊಂಡರು. ಅವರಿಗೆ ಮೈಕಿನ ಅಭ್ಯಾಸವಿಲ್ಲ, ಅಗತ್ಯವೂ ಇಲ್ಲ, ದನಿ ಹಾಗಿದೆ.

"ಕೇಕು ಯಾರೂ ತಿನ್ನಬೇಡಿ. ಅದರಲ್ಲಿ ಬೆಣ್ಣೆ ಇದೆ," ಎಂದರು. ಸಭೆಯಲ್ಲಿ ಗುಸುಗುಸು ಎದ್ದಿತು. ಅದು ನಿಲ್ಲುವವರೆಗೆ ಕಾದರು, ಮಕ್ಕಳ ಊಟದ ಸಾಲಿನ ಮುಂದೆ ಕಾಯುವ ಹಾಗೆ. "ಮಾಂಸದ ದಿನ ಹಾಲಿನ ಫ್ರಿಜ್ಜು ಕಟ್ಟೋದು ನನ್ನ ಕೆಲಸ. ಇವತ್ತು ಕಟ್ಟಲಿಲ್ಲ. ಕಟ್ಟಬೇಕು ಅಂತ ಯಾರಿಗೂ ಹೇಳಿಕೊಟ್ಟಿಲ್ಲ, ಯಾರನ್ನೂ ನಂಬಲೂ ಇಲ್ಲ. ತಪ್ಪು ಕೇಕು ಮಾಡಿದವಳದಲ್ಲ, ನನ್ನದು. ನೀವು ಬಾಯಿಗಿಡೋ ಮುಂಚೆ ಅದನ್ನ ಕಂಡುಹಿಡಿದು, ತಾನೇ ಬಂದು ಹೇಳ್ತೀನಿ ಅಂತ ಹೊರಟವಳು ನನ್ನ ಸೊಸೆ. ಈ ಫಲಕದ ಎರಡನೇ ಸಾಲು ಅಳಿಸಿಕೊಡಿ."

ಆಗ ರಬ್ಬಿ ಪೆರ್ಲೊವ್ ಗಡ್ಡ ನೀವಿಕೊಂಡು ಎದ್ದರು. ಕೇಕು ಬೇಯಿಸಿದ್ದು ಬಿಸಾಡುವ ತಗಡಿನ ಟ್ರೇಗಳಲ್ಲಿ, ಮಾಂಸ ಹೋಗದ ಒಲೆಯಲ್ಲಿ ತಾನೇ ಎಂದು ತಿರ್ಜಾಳನ್ನೇ ಕರೆದು ಕೇಳಿದರು. ಅವಳು ಹೌದೆಂದಳು. ಅವಳ ಮಾತು ಸಾಕು ಎಂದರು ರಬ್ಬಿ, ಮತ್ತೊಬ್ಬರನ್ನು ಕೇಳಲಿಲ್ಲ. ಹಾಗಿದ್ದರೆ ಕೇಕಿಗೇನೂ ದೋಷವಿಲ್ಲ, ನಾಳೆ ಬೆಳಗ್ಗೆ ಮಕ್ಕಳಿಗೆ ಹಾಲಿನ ಜೊತೆ ಕೊಡಿ, ಈಗ ಕಿತ್ತಲೆ ಇದ್ದರೆ ತನ್ನಿ ಎಂದರು. ಮೊದಲು ನಕ್ಕವರು ರಸ್ತೆ ದಾಟಿಸುವ ಮುದುಕರು. ಆಮೇಲೆ ಎಲ್ಲರೂ ನಕ್ಕರು.

ಬೈಲಾ ಗಾಡಿಗಳನ್ನು ಹಿಂದಕ್ಕೆ ನೂಕಿಸಿಕೊಂಡು ಹೋದಳು. ಫ್ರೂಮಮ್ಮನ ಪಕ್ಕ ಹಾಯುವಾಗ, ಸೋಮವಾರದ ಹೊತ್ತಿಗೆ ಊರಿಗೆಲ್ಲ ತಾನೇ ಹೇಳುತ್ತೇನೆ, ನೀವು ಹೇಳಿದ ಹಾಗೇ ಹೇಳುತ್ತೇನೆ ಎಂದು ಕಿವಿಯಲ್ಲಿ ಉಸುರಿದಳು. ಅವಳ ಬಾಯಿ ಒಂದು ಒಳ್ಳೆಯ ಕೆಲಸಕ್ಕೂ ಬಂತು.

ಅಡುಗೆಮನೆಯಲ್ಲಿ ತಿರ್ಜಾ ಕಿತ್ತಲೆ ಹೆಚ್ಚುತ್ತಿದ್ದಳು. ಫ್ರೂಮಮ್ಮ ಮುತ್ತಿನ ಸರದ ಮೇಲೇ ಏಪ್ರನ್ ಕಟ್ಟಿಕೊಂಡು ಪಕ್ಕದಲ್ಲಿ ನಿಂತು ಇನ್ನೊಂದು ಚಾಕು ತೆಗೆದುಕೊಂಡರು.

"ಅಷ್ಟು ಜನರ ಮುಂದೆ ನೀವು ಯಾಕತ್ತೆ..." ಎಂದಳು ತಿರ್ಜಾ.

"ಆ ಕಾಗದಾನ ಕಸದಲ್ಲೇ ಬಿಟ್ಟಿದ್ರೆ, ನನ್ನ ಮೂಗು ಬಿಟ್ಟು ಇನ್ಯಾರಿಗೆ ಗೊತ್ತಾಗ್ತಿತ್ತು? ನೀನು ಬಿಡಲಿಲ್ಲ," ಎಂದರು ಫ್ರೂಮಮ್ಮ. ಕಿತ್ತಲೆಯ ಮೇಲಿಂದ ಕಣ್ಣೆತ್ತಲಿಲ್ಲ. "ಅಡುಗೆಮನೇಲಿ ಕೈ ತಪ್ಪೋದು ಎಲ್ಲರದೂ ಇದ್ದದ್ದೇ ಕಣೇ. ಮುಚ್ಚಿಡದೇ ಇರೋರು ಸಿಗೋದು ಕಷ್ಟ. ಶುಕ್ರವಾರ ರಾತ್ರಿ ನಿಮ್ಮನೆಗೆ ಊಟಕ್ಕೆ ಬರ್ತೀನಿ. ನೀನು ಮಾಡಿದ್ದನ್ನೇ ತಿಂತೀನಿ."

ಇಡೀ ಸಂಜೆ ಅಳದೇ ಇದ್ದ ತಿರ್ಜಾ ಚಾಕು ಕೆಳಗಿಟ್ಟು, ಹಿಟ್ಟಿನ ತೋಳಿನಿಂದ ಮುಖ ಮುಚ್ಚಿಕೊಂಡಳು.

"ನಾಲ್ಕು ವರ್ಷ ತಡ ಮಾಡಿಬಿಟ್ಟೆ," ಎಂದರು ಫ್ರೂಮಮ್ಮ. ಈ ಮಾತು ಮೈಕಿಲ್ಲದೆ, ಇಪ್ಪತ್ತೆಂಟು ವರ್ಷದಲ್ಲಿ ಆ ಅಡುಗೆಮನೆ ಕೇಳಿರದಷ್ಟು ಮೆಲ್ಲಗೆ ಬಂತು. "ನೀನಿಟ್ಟ ತಟ್ಟೆಗಳನ್ನೆಲ್ಲ ನೋಡ್ತಾನೇ ಇದ್ದೆ, ತಿರ್ಜಾ."